ಹಿಂಡಿ ಚೀಲದ ಮೇಲಿನ ಅಂಕಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲಿ ಗಿರಣಿ ಕೂಲಿಯ ಜತೆಗೆ ಒಂದು ಹಸು ಕಟ್ಟಿದವನೂ, ಶೇಂಗಾ ಬೆಳೆಯುವ ಜಗಳೂರಿನ ರೈತನೂ ಚೀಲದ ಮೇಲಿನ ಪ್ರೋಟೀನಿನ ಅಂಕಿ ನಂಬಿ ಹಿಂಡಿಗೆ ದುಡ್ಡು ಕೊಡುತ್ತಾರೆ. ಆದರೆ ಆ ಅಂಕಿ ಪ್ರೋಟೀನನ್ನು ಅಳೆದು ಬಂದದ್ದೇ ಅಲ್ಲ! ಹಿಂಡಿಯಲ್ಲಿರುವ ಸಾರಜನಕ ಎಷ್ಟೆಂದು ನೋಡಿ, ಅದನ್ನು 6.25ರಿಂದ ಗುಣಿಸುತ್ತಾರೆ. 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಸಾರಜನಕ ಅಳೆಯಲು ತೋರಿದ ದಾರಿಯೇ ಇಂದಿಗೂ ಆಧಾರ. ಒಂದು ಕಿಲೋ ಯೂರಿಯಾ ಬೆರೆಸಿದರೆ ಈ ಲೆಕ್ಕಕ್ಕೆ ಎರಡೂಮುಕ್ಕಾಲು ಕಿಲೋಗೂ ಮಿಕ್ಕಿ 'ಪ್ರೋಟೀನು' ಸಿಗುತ್ತದೆ.

ನಿಜವಾದ ಪರೀಕ್ಷೆ ನಡೆಯುವುದು ಹಸುವಿನ ಹೊಟ್ಟೆಯಲ್ಲಿ. ಹಿಂಡಿಯನ್ನು ಸಣ್ಣ ನೈಲಾನ್ ಚೀಲದಲ್ಲಿ ಕಟ್ಟಿ, ಪಕ್ಕೆಯಲ್ಲಿ ಮಾಡಿದ ರಂಧ್ರದಿಂದ ಮೊದಲ ಹೊಟ್ಟೆಗೆ ಇಳಿಬಿಡುತ್ತಾರೆ. ಗೊತ್ತಾದ ಗಂಟೆಗಳಿಗೆ ತೆಗೆದು, ತೊಳೆದು, ಒಣಗಿಸಿ, ಉಳಿದದ್ದನ್ನು ಅಳೆಯುತ್ತಾರೆ. ಶೇಂಗಾ ಹಿಂಡಿಯ ಪ್ರೋಟೀನು ಬಹುಪಾಲು ಅಲ್ಲೇ ಕರಗುತ್ತದೆ. ಹತ್ತಿಕಾಳು ಹಿಂಡಿಯದು ಅದಕ್ಕಿಂತ ಹೆಚ್ಚಾಗಿ ಮುಂದಕ್ಕೆ ದಾಟುತ್ತದೆ. ಕರಗಿದ್ದರಲ್ಲಿ ಸೂಕ್ಷ್ಮಜೀವಿಗಳು ಬಳಸಿ ಮಿಕ್ಕದ್ದು ಗಂಜಲದಲ್ಲಿ ಹೋಗುತ್ತದೆ. ಬಡವನ ದುಡ್ಡೂ ಅದರ ಜತೆಗೇ!

ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆ 1995ರಿಂದ ಇದೆ. ಇಂಥ ಅಳತೆ ವಿದ್ವಾಂಸರ ಕಡತದಲ್ಲೇ ಉಳಿಯಬೇಕೆ? ಎಷ್ಟು ಕರಗುತ್ತದೆ, ಎಷ್ಟು ದಾಟುತ್ತದೆ ಎಂಬ ಎರಡು ಅಂಕಿಗಳನ್ನು ಕನ್ನಡದಲ್ಲಿ ಚೀಲದ ಮೇಲೆ ಅಚ್ಚು ಮಾಡಿಸುವುದು ಸರ್ಕಾರದ ಕೆಲಸ. ಹಾಗೆಂದು ಚಿಲ್ಲರೆ ಅಂಗಡಿಯವನ ಕೊರಳಿಗೆ ಕೈ ಹಾಕಬೇಡಿ. ಅವನು ಹೊಲಿದು ಬಂದ ಚೀಲ ಮಾರುವವನು. ಕೇಳಬೇಕಾದ್ದು ಹೊಲಿದು ಕಳಿಸಿದವನನ್ನು.