ಹಿಟ್ಟಿನ ಹುಂಜ, ಹಿತ್ತಲ ಹೇಂಟೆ

ನಮ್ಮ ಆಡುಮಾತಿಗೆ ಕೋಳಿಯೊಡನೆ ಇರುವ ಸಲಿಗೆ ಇನ್ನಾವ ಹಕ್ಕಿಯೊಡನೆಯೂ ಇದ್ದಂತೆ ಕಾಣೆ. ಅರೆಯೆಚ್ಚರದ ನಿದ್ದೆ ನಮಗೆ ಕೋಳಿನಿದ್ದೆ. ತನ್ನಿಂದಲೇ ಲೋಕ ನಡೆಯುತ್ತಿದೆಯೆಂದು ಬೀಗುವವನನ್ನು ಕಂಡರೆ ಹುಂಜ ಸಾಕಿದ ಅಜ್ಜಿಯ ಕತೆ ನೆನಪಾಗುತ್ತದೆ. ಬಡವನ ಅಭಿಪ್ರಾಯವನ್ನು ಯಾರೂ ಕೇಳದಿರುವಲ್ಲಿ, ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೆ ಎಂಬ ಗಾದೆ ಸಿದ್ಧವಾಗಿದೆ. ಈ ಮಾತುಗಳಲ್ಲೆಲ್ಲ ಕೋಳಿ ಕೂಗುತ್ತದೆ, ತೂಕಡಿಸುತ್ತದೆ, ಕಡೆಗೆ ಸಾರಾಗುತ್ತದೆ. ಆದರೆ ಅದಕ್ಕೆ ಕಾಯಿಲೆ ಬರುವುದಿಲ್ಲ. ಕೋಳಿಗೂ ನೋವಿನದೊಂದು ಹಗಲು, ಸಂಕಟದದೊಂದು ಇರುಳು ಇರಬಹುದೆಂಬುದು ನಮ್ಮ ಮಾತಿನ ಲೆಕ್ಕದೊಳಗೆ ಬಂದಂತಿಲ್ಲ.

ಆದುದರಿಂದಲೇ ಕಳೆದ ವರ್ಷ ನಮ್ಮ ಮನೆಯ ನಾಟಿ ಹೇಂಟೆಯೊಂದು ಕಾಯಿಲೆ ಬಿದ್ದು, ನಾನು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೊರಟಾಗ ಬೀದಿಯವರಿಗೆಲ್ಲ ನಗೆ ಬಂದುದು ಸಹಜವೇ. ಅದನ್ನು ನಮ್ಮೂರಿನಲ್ಲಿ ಕರೆಯುವುದೇ ದನದ ಆಸ್ಪತ್ರೆಯೆಂದು. ಹಾಲು ಕೊಡುವ ಹಸುವಿಗೆ, ನೇಗಿಲೆಳೆಯುವ ಎತ್ತಿಗೆ ಅಲ್ಲಿ ಹಕ್ಕಿದೆ, ಕೋಳಿಗೇನಿದೆ? "ಏನ್ ಮೇಷ್ಟ್ರೇ, ಆಟೋ ಬಾಡಿಗೆಯೇ ಕೋಳಿ ಬೆಲೆಗಿಂತ ಜಾಸ್ತಿ ಆಗಲ್ವೇ?" ಎಂದು ನೆರೆಯವರೊಬ್ಬರು ಕೇಳಿದರು. ಕುಚೋದ್ಯವಾಗಿ ಕೇಳಿದ ಪ್ರಶ್ನೆಯಾದರೂ ಅದು ಉತ್ತರಕ್ಕೆ ಅರ್ಹವಾದ ಪ್ರಶ್ನೆ. ಈ ಬರಹ ಆ ಉತ್ತರಕ್ಕಾಗಿಯೇ.

ಮೊದಲು ಕಾಯಿಲೆಯ ವಿಷಯ. ಕೋಳಿಗೆ ಹಲ್ಲಿಲ್ಲ. ಅದು ನುಂಗಿದ ಕಾಳು ನೇರವಾಗಿ ಹೊಟ್ಟೆಗೆ ಹೋಗದೆ, ಕುತ್ತಿಗೆಯ ಬುಡದಲ್ಲಿ, ಎದೆಯ ಮುಂಭಾಗದಲ್ಲಿರುವ ಒಂದು ಚೀಲದಲ್ಲಿ ನಿಲ್ಲುತ್ತದೆ. ವೈದ್ಯರು ಅದನ್ನು ಕ್ರಾಪ್ ಎನ್ನುತ್ತಾರೆ. ನಾನು ಇಲ್ಲಿ ಕಾಳುಚೀಲ ಎಂದು ಬರೆಯುತ್ತೇನೆ. ಅಲ್ಲಿ ನೆನೆದು ಮೆತ್ತಗಾದ ಆಹಾರ ಸ್ವಲ್ಪಸ್ವಲ್ಪವಾಗಿ ಕೆಳಗಿಳಿದು, ಜೀರ್ಣರಸದ ಜಠರವನ್ನು ದಾಟಿ, ದಪ್ಪ ಸ್ನಾಯುವಿನ ಇನ್ನೊಂದು ಜಠರವನ್ನು ಸೇರುತ್ತದೆ. ಕೋಳಿ ಆಯ್ದು ನುಂಗಿದ ಸಣ್ಣ ಹರಳುಗಳು ಅಲ್ಲಿ ಬೀಸುವ ಕಲ್ಲಿನ ಕೆಲಸ ಮಾಡುತ್ತವೆ. ಈ ಏರ್ಪಾಡು ಕೆಡುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಬಲಿತ ಹುಲ್ಲು, ನಾರು, ದಾರದ ತುಂಡು ಉಂಡೆಗಟ್ಟಿ ಚೀಲದ ಬಾಯಿಗೆ ಅಡ್ಡವಾದರೆ ಚೀಲ ಕಲ್ಲಿನಂತೆ ಬಿಗಿಯುತ್ತದೆ. ಆಹಾರ ಅಲ್ಲಿಯೇ ನಿಂತು ಹುಳಿತು, ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ ಬೆಳೆದರೆ, ಅದು ನೀರು ತುಂಬಿದ ಚೀಲದಂತೆ ತುಳುಕುತ್ತದೆ. ಬಾಯಿಯಿಂದ ಹುಳಿ ವಾಸನೆ ಬರುತ್ತದೆ. ಮೊದಲನೆಯದೇ ಎರಡನೆಯದಕ್ಕೆ ದಾರಿ ಮಾಡಿಕೊಡುವುದೂ ಉಂಟು. ಎರಡರಲ್ಲಿಯೂ ಕೋಳಿ ತುಂಬಿದ ಚೀಲವನ್ನು ಎದೆಯಲ್ಲಿ ಹೊತ್ತುಕೊಂಡೇ ಉಪವಾಸದಿಂದ ಸವೆಯುತ್ತದೆ.

ನಮ್ಮ ಹೇಂಟೆ ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದಾಗ ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಕೊಕ್ಕರೆ ರೋಗ, ಉಳಿಯಲ್ಲ." ರಾಣಿಖೇತ್ ಎಂಬ ಊರಿನ ಹೆಸರಿನಿಂದಲೂ ಕರೆಯಲಾಗುವ ಆ ರೋಗ ಬಂದರೆ ಒಂದು ಕೋಳಿಗೆ ನಿಲ್ಲುವುದಿಲ್ಲ, ಲಸಿಕೆಯಿಲ್ಲದ ಹಿಂಡಿನಲ್ಲಿ ಬೆಂಕಿಯಂತೆ ಹಬ್ಬುತ್ತದೆ. ಇಲ್ಲಿ ಉಳಿದ ನಾಲ್ಕು ಕೋಳಿಗಳು ಲವಲವಿಕೆಯಿಂದ ಕೆದಕುತ್ತಿದ್ದವು. ಆ ವ್ಯತ್ಯಾಸವನ್ನು ಗುರುತಿಸಿದವನು ನಾನಲ್ಲ, ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗ. ಪುಸ್ತಕವೊಂದನ್ನು ಹಿಂದಿರುಗಿಸಲು ಮನೆಗೆ ಬಂದಿದ್ದವನು ಕೋಳಿಯನ್ನು ಎತ್ತಿಕೊಂಡು, ಎದೆಯ ಮೇಲೆ ಮೆಲ್ಲಗೆ ಬೆರಳಾಡಿಸಿ ಹೇಳಿದ: "ಸಾರ್, ಸಂಜೆ ಗೂಡು ಸೇರೋವಾಗ ಇದು ತುಂಬಿರಬೇಕು, ಬೆಳಿಗ್ಗೆ ಬರಿದಾಗಿರಬೇಕು. ಇವತ್ತು ರಾತ್ರಿ ಏನೂ ಹಾಕ್ಬೇಡಿ. ಬೆಳಿಗ್ಗೆ ಮುಟ್ಟಿ ನೋಡಿ." ಬೆಳಿಗ್ಗೆ ಮುಟ್ಟಿ ನೋಡಿದರೆ ಚೀಲ ಹಿಂದಿನ ಸಂಜೆಯಷ್ಟೇ ಬಿಗಿಯಾಗಿತ್ತು.

ಕಾಕತಾಳೀಯವೆಂಬಂತೆ ಆ ವಾರ ನಾನು ತರಗತಿಯಲ್ಲಿ ಜನ್ನನ 'ಯಶೋಧರ ಚರಿತೆ'ಯನ್ನು ಪಾಠ ಮಾಡುತ್ತಿದ್ದೆ. ಕ್ರಿ.ಶ. 1209ರಲ್ಲಿ ರಚಿತವಾದ ಆ ಕಾವ್ಯದ ನಡುವೆ ನಿಂತಿರುವುದೂ ಒಂದು ಕೋಳಿಯೇ, ಹಿಟ್ಟಿನ ಹುಂಜ. ದೇವಿಗೆ ಬಲಿ ಕೊಡು ಎಂದು ತಾಯಿ ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಯಶೋಧರ ಒಪ್ಪುವುದಿಲ್ಲ. ಕಡೆಗೆ ಹಿಟ್ಟಿನಲ್ಲಿ ಹುಂಜ ಮಾಡಿ ಕಡಿಯುವುದೆಂದು ರಾಜಿಯಾಗುತ್ತದೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಹುಂಜ ಜೀವವಿದ್ದಂತೆ ಕೂಗುತ್ತದೆ. ಆ ಒಂದು ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಆ ಪ್ರಾಣಿಜನ್ಮಗಳಲ್ಲಿ ಕಡೆಯದು ಕೋಳಿಯ ಜನ್ಮವೆಂಬುದನ್ನು ಓದುಗರು ಬಲ್ಲರು.

ರಕ್ತ ಹರಿಯದಿದ್ದರೂ ಹಿಂಸೆ ಹಿಂಸೆಯೇ, ಸಂಕಲ್ಪವೇ ಪಾಪ ಎಂಬುದು ಕಾವ್ಯದ ನಿಲುವು. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇದನ್ನು ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಈ ಮಾತನ್ನು ತಿರುಗಿಸಿ ನೋಡಿದರೇನಾಗುತ್ತದೆ? ಹಿಂಸೆಗೆ ಸಂಕಲ್ಪ ಮಾತ್ರ ಸಾಕಾದರೆ ದಯೆಗೂ ಸಂಕಲ್ಪ ಮಾತ್ರ ಸಾಕೆ? ಸಾಲದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಿಟ್ಟಿನ ಹುಂಜವನ್ನು ಕಡಿದವನಿಗೆ ಪಾಪ ತಟ್ಟಬಹುದು. ಹಿತ್ತಲ ಹೇಂಟೆಯನ್ನು ಕಂಡು ಮರುಗಿದವನಿಂದ ಅದರ ಚೀಲ ಬರಿದಾಗುವುದಿಲ್ಲ.

ಅಷ್ಟೇ ಅಲ್ಲ, ತಿಳಿವಿಲ್ಲದ ಮರುಕ ಕೊಲ್ಲಲೂಬಹುದು. ಸೊರಗಿದ ಕೋಳಿಯನ್ನು ಕಂಡರೆ ಕರುಣೆಯುಳ್ಳವರು ಮೊದಲು ಮಾಡುವ ಕೆಲಸ ಒಂದು ಹಿಡಿ ಅಕ್ಕಿ ಹಾಕುವುದು. ದಾರಿ ಮುಚ್ಚಿದ ಚೀಲಕ್ಕೆ ಆ ಅಕ್ಕಿ ಇನ್ನೊಂದು ಹೊರೆ. ಇನ್ನು ಕೆಲವರು ಕೋಳಿಯನ್ನು ಕಾಲು ಹಿಡಿದು ತಲೆಕೆಳಗು ಮಾಡಿ ಚೀಲವನ್ನು ಹಿಂಡಿ ಕಕ್ಕಿಸುತ್ತಾರೆ. ಹಾಗೆ ಹೊರಬಂದ ದ್ರವ ಶ್ವಾಸನಾಳವನ್ನು ಹೊಕ್ಕರೆ ಕೋಳಿ ಕೈಯಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. ಬಲವಂತವಾಗಿ ಕೊಕ್ಕು ಬಿಡಿಸಿ ಎಣ್ಣೆ ಸುರಿಯುವುದರಲ್ಲಿಯೂ ಇದೇ ಅಪಾಯ. ಇವರಾರೂ ಕ್ರೂರಿಗಳಲ್ಲ, ಎಲ್ಲರ ಸಂಕಲ್ಪವೂ ಶುದ್ಧವೇ. ಸಂಕಲ್ಪದ ಶುದ್ಧಿ ಕೋಳಿಯ ಉಸಿರನ್ನು ಉಳಿಸದು.

ಪಶುವೈದ್ಯರು ಮಾಡಿದ್ದರಲ್ಲಿ ಮರುಕದ ಮಾತು ಒಂದೂ ಇರಲಿಲ್ಲ. ಮುಟ್ಟಿ ನೋಡಿದರು, ವಾಸನೆ ನೋಡಿದರು, ಎಷ್ಟು ದಿನವಾಯಿತೆಂದು ಕೇಳಿದರು. ಮೊದಲ ದಿನ ನೀರು ಕುಡಿಸಿ, ಚೀಲವನ್ನು ಹಗುರವಾಗಿ ನೀವಿ ಉಂಡೆ ಸಡಿಲವಾಗುವುದೇ ಎಂದು ಕಾದರು. ಆಗಲಿಲ್ಲ. ಮರುದಿನ ಆ ಭಾಗಕ್ಕೆ ಮಾತ್ರ ಮರವಳಿಕೆಯ ಮದ್ದು ಚುಚ್ಚಿ, ಚರ್ಮವನ್ನೂ ಚೀಲವನ್ನೂ ಸ್ವಲ್ಪವೇ ಸೀಳಿ, ಒಳಗಿದ್ದುದನ್ನು ತೆಗೆದರು: ಒಣಹುಲ್ಲಿನ ಒಂದು ಉಂಡೆ, ಅದರ ನಡುವೆ ಗೋಣಿಚೀಲದ ದಾರ. ತೊಳೆದು, ಚೀಲಕ್ಕೊಂದು ಚರ್ಮಕ್ಕೊಂದು ಹೊಲಿಗೆ ಹಾಕಿದರು. ಆಮೇಲೆ ಹತ್ತು ದಿನ ಮೆತ್ತಗಿನ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದು, ಹೊಲಿಗೆಯನ್ನು ಬೇರೆ ಕೋಳಿಗಳು ಕುಕ್ಕದಂತೆ ಮಂಕರಿಯಡಿ ಬೇರೆಯಾಗಿಡುವುದು, ದಿನವೂ ಬೆಳಿಗ್ಗೆ ಚೀಲವನ್ನು ಮುಟ್ಟಿ ನೋಡುವುದು ಮನೆಯವರ ಕೆಲಸವಾಯಿತು. ಔಷಧ ನಡೆಯುವಷ್ಟು ಕಾಲ, ಮುಗಿದ ಮೇಲೂ ಅವರು ಹೇಳಿದಷ್ಟು ದಿನ, ಮೊಟ್ಟೆಯನ್ನು ತಿನ್ನಬಾರದೆಂದೂ ಹೇಳಿದರು. ದಯೆಯೆಂದರೆ ಈ ಪಟ್ಟಿಯೇ ಹೊರತು ಬೇರೆಯಲ್ಲ.

ನಮ್ಮ ಕಾನೂನು ಕೂಡ, ಆಶ್ಚರ್ಯವೆಂದರೆ, ಇದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಪ್ರಾಣಿಯೆಂದರೆ ಮನುಷ್ಯನ ಹೊರತು ಯಾವ ಜೀವಿಯೂ ಹೌದು. ಕೋಳಿ ಅದರಿಂದ ಹೊರಗಿಲ್ಲ. ಪ್ರಾಣಿಯನ್ನು ಇಟ್ಟುಕೊಂಡವರು ಅದರ ಕ್ಷೇಮಕ್ಕಾಗಿ ಯುಕ್ತವಾದ ಕ್ರಮಗಳನ್ನೆಲ್ಲ ಕೈಗೊಳ್ಳುವುದು ಕರ್ತವ್ಯವೆಂದು ಅದರ ಮೂರನೆಯ ಕಲಮು ವಿಧಿಸುತ್ತದೆ. ಕಾನೂನು ಕನಿಕರವನ್ನು ಕೇಳುವುದಿಲ್ಲ, ಕ್ರಮವನ್ನು ಕೇಳುತ್ತದೆ.

ಇನ್ನು ಆಕ್ಷೇಪಗಳು. ಬಡವರಿಗೇ ಔಷಧ ಸಿಗದ ನಾಡಿನಲ್ಲಿ ಕೋಳಿಗೆ ಶಸ್ತ್ರಚಿಕಿತ್ಸೆಯೆ ಎಂದು ಮಿತ್ರರೊಬ್ಬರು ಕೇಳಿದರು. ಮಾತು ಭಾರವಾದುದು. ಆದರೆ ಕೋಳಿಯನ್ನು ಸಾಯಲು ಬಿಟ್ಟು ಉಳಿಸಿದ ಹಣ ಬಡವನ ಔಷಧಕ್ಕೆ ಹೋದುದನ್ನು ನಾನು ಕಂಡಿಲ್ಲ. ದಯೆ ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಹೆಚ್ಚುವ ಕೊಡದ ನೀರಲ್ಲ. ಅಭ್ಯಾಸದಿಂದ ಕೈಗೆ ಕೂಡಿಬರುವ ಕಸುಬು. ತಿನ್ನುವ ಪ್ರಾಣಿಗೆ ಚಿಕಿತ್ಸೆಯೇಕೆ ಎಂಬುದು ಇನ್ನೊಂದು ಆಕ್ಷೇಪ. ನಾಳೆ ಸಾರಾಗುವ ಕೋಳಿಗೂ ಇಂದಿನ ನೋವು ನೋವೇ. ಗುಣವಾಗದ ಕಾಯಿಲೆಯೆಂದು ತಿಳಿದವರು ಹೇಳಿದರೆ, ಅವರ ಕೈಯಿಂದ ಅದಕ್ಕೆ ಬೇಗ ಬಿಡುಗಡೆ ಕೊಡಿಸುವುದೂ ದಯೆಯೇ. ಮೂಲೆಯಲ್ಲಿ ಹಲವು ದಿನ ಹಸಿದು ಸಾಯಲು ಬಿಟ್ಟು, ಕೊಲ್ಲಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವುದು ಹಿಟ್ಟಿನ ಹುಂಜದ ರಾಜಿಯಂಥದೇ ಒಂದು ರಾಜಿ.

ನಮ್ಮ ಹೇಂಟೆ ಬದುಕಿತು. ಆದರೆ ಅಂದಿನಿಂದ ಮೊಟ್ಟೆ ಇಟ್ಟಿಲ್ಲ. ನೆರೆಯವರ ಲೆಕ್ಕದಲ್ಲಿ ಇದು ಪೂರ್ತಿ ನಷ್ಟದ ವ್ಯಾಪಾರ. ಲೆಕ್ಕವಾಗಿ ಅವರ ಮಾತು ಸರಿ. ಆದರೆ ಸಾಕುವುದು ವ್ಯಾಪಾರವಾಗಿಯೇ ತೊಡಗಿದರೂ ವ್ಯಾಪಾರವಾಗಿಯೇ ಮುಗಿಯಬೇಕೆಂಬ ನಿಯಮವಿಲ್ಲ. ಸಂಜೆ ಗೂಡಿನ ಬಾಗಿಲು ಹಾಕುವ ಹೊಣೆಯನ್ನು ಒಮ್ಮೆ ಹೊತ್ತವನು ಬೆಳಿಗ್ಗೆ ಅದರ ಕ್ಷೇಮವನ್ನು ನೋಡುವ ಹೊಣೆಯನ್ನೂ ಹೊತ್ತಿರುತ್ತಾನೆ.

ಕಾವ್ಯ ಓದಿಸುವವರಿಗೆ ಇಲ್ಲೊಂದು ವಿಚಾರವಿದೆ. ಅಹಿಂಸೆಯನ್ನು ಕುರಿತು ಐದು ಅಂಕದ ಉತ್ತರ ಬರೆಯುವುದನ್ನು ನಾವು ಕಲಿಸುತ್ತೇವೆ, ಅದು ಬೇಕಾದದ್ದೇ. ಹಿಂಸೆಯ ಬೀಜ ಮನಸ್ಸಿನಲ್ಲಿದೆಯೆಂದು ಕಂಡ ಕವಿಯನ್ನು ಓದದೆ ಇರುವುದು ನಷ್ಟವೇ ಸರಿ. ಆದರೆ ದಯೆಯ ಬೀಜ ಮನಸ್ಸಿನಲ್ಲಿದ್ದರೂ ಅದರ ಬೆಳೆ ಕೈಯಲ್ಲಿದೆ. ಆ ಹಿಂದಿನ ಬೆಂಚಿನ ಹುಡುಗನಿಗೆ ಜನ್ನನ ಕುರಿತ ಉತ್ತರದಲ್ಲಿ ಅರ್ಧ ಅಂಕವೂ ಕಷ್ಟವಾಗಬಹುದು. ಕೋಳಿಯ ಎದೆಯ ಮೇಲೆ ಬೆರಳಿಟ್ಟು ಅದು ಉಂಡಿದೆಯೋ, ಉಂಡದ್ದು ಅರಗಿದೆಯೋ ಎಂದು ತಿಳಿಯಬಲ್ಲ ಅವನ ಓದಿಗೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಇನ್ನೂ ಸ್ಥಳ ದೊರೆತಿಲ್ಲ.