ಮಾರ್ಕ್ಸ್ ಕಾರ್ಡಿನ ಫೋಟೋ ಬಿಟ್ಟರೆ ಮಕ್ಕಳಿಗೆ ಬೇರೆ ಮುಖವಿಲ್ಲವೇ?

ಕಾಮಗೆರೆಯಲ್ಲಿ ಬಸ್ಸಿಗೆ ಕಾದು ನಿಂತ ಹೈಸ್ಕೂಲು ಹುಡುಗನನ್ನು ‘ಯಾರಪ್ಪ ನೀನು?’ ಅಂತ ಕೇಳಿ ನೋಡಿ. ಅಪ್ಪನ ಹೆಸರು ಹೇಳುತ್ತಾನೆ, ಬೀದಿ ಹೇಳುತ್ತಾನೆ, ಇನ್ನೂ ಕೆದಕಿದರೆ ಪರೀಕ್ಷೆಯಲ್ಲಿ ಬಂದ ಮಾರ್ಕ್ಸು ಹೇಳುತ್ತಾನೆ. ಅಲ್ಲಿಗೆ ಮುಗಿಯಿತು. ಕೇಳಿದವರಿಗೂ ಅಷ್ಟೇ ಸಾಕು. ಹುಡುಗಿಯಾದರೆ ಅವಳನ್ನು ಕೇಳುವುದೂ ಇಲ್ಲ. ‘ಇನ್ನೆಷ್ಟು ವರ್ಷ ಓದಿಸ್ತೀರಾ?’ ಅಂತ ಅವಳ ಅಪ್ಪನನ್ನೇ ಕೇಳುತ್ತಾರೆ.

ತಾನು ಯಾರು ಎಂಬುದಕ್ಕೆ ಮಾರ್ಕ್ಸೊಂದೇ ಉತ್ತರವಾದ ಮಗುವಿನ ಮಾರ್ಕ್ಸು ಹೋದರೆ ಉಳಿಯುವುದೇನು? ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬರುವ ಕೆಟ್ಟ ಸುದ್ದಿಗಳು ಪತ್ರಿಕೆ ಓದುವವರಿಗೆ ಹೊಸದಲ್ಲ. ಸುದ್ದಿಯಾಗದೆ ಬ್ಯಾಗು ಮೂಲೆಗೆಸೆದು ಬೆಂಗಳೂರಿನ ಬಸ್ ಹತ್ತುವವರೂ ಇದ್ದಾರೆ.

ಮುಖ ನೋಡಿಕೊಳ್ಳುವುದಕ್ಕೇನು ಬರವೇ ಎನ್ನಬಹುದು. ನಿಜ. ಭರಚುಕ್ಕಿಗೆ ಹೋದರೂ ಸರಿ, ಮಾದಪ್ಪನ ಬೆಟ್ಟಕ್ಕೆ ಹೋದರೂ ಸರಿ, ಮೊಬೈಲು ಮೊದಲು ತಿರುಗುವುದು ತಮ್ಮ ಮುಖದ ಕಡೆಗೇ. ಇಪ್ಪತ್ತು ಸೆಲ್ಫಿ ತೆಗೆದು, ಹತ್ತೊಂಬತ್ತು ಅಳಿಸಿ, ಉಳಿದ ಒಂದಕ್ಕೆ ಬಿಳುಪು ಬಳಿದು ಸ್ಟೇಟಸ್ ಹಾಕುವುದು. ಅದು ಅಂಗಡಿ ಮುಂದೆ ಜೋಡಿಸಿಟ್ಟ ಸರಕು. ಒಳಗೆ ಗೋಡೌನಿನಲ್ಲಿ ಏನಿದೆ ಎಂದು ಅದು ಹೇಳುವುದಿಲ್ಲ.

ಪೆನ್ಸಿಲ್ ಹಿಡಿದು ತನ್ನ ಮುಖವನ್ನು ತಾನೇ ಬರೆಯುವುದು ಬೇರೆ ಮಾತು. ಮೊದಲು ಕನ್ನಡಿಯಿಲ್ಲದೆ ಬರೆಯಲಿ. ಕಣ್ಣುಗಳನ್ನು ಹಣೆಯ ಹತ್ತಿರಕ್ಕೆ ಏರಿಸಿಬಿಡುತ್ತಾರೆ, ಎಲ್ಲರೂ ಮಾಡುವ ತಪ್ಪೇ ಅದು. ಆಮೇಲೆ ಕನ್ನಡಿ ಕೊಟ್ಟು ಅಳೆದು ನೋಡಲು ಹೇಳಿದರೆ, ಕಣ್ಣಿರುವುದು ತಲೆಯ ಸರಿಯಾಗಿ ಅರ್ಧಕ್ಕೆ! ದಿನಾ ಬೆಳಗ್ಗೆ ಎದ್ದು ನೋಡುವ ಮುಖವೇ ತಿಳಿಯದೆ ಹೋಯಿತಲ್ಲ ಎಂದು ಹುಡುಗರು ನಗುತ್ತಾರೆ. ಆ ನಗುವಿನ ಬೆನ್ನಿಗೇ ಮೇಷ್ಟ್ರು ಮನಶ್ಶಾಸ್ತ್ರದ ಪಾಠ ಶುರು ಮಾಡಬಹುದು: ಕಂಡದ್ದನ್ನು ಬರೆದೆಯೋ, ಅಂದುಕೊಂಡದ್ದನ್ನು ಬರೆದೆಯೋ? ‘ನಾನು ದಡ್ಡ’ ಅನ್ನುವುದು ಕಂಡದ್ದೋ, ಯಾರೋ ಹೇಳಿದ್ದೋ? ಮುಂದಿನ ವಾರ ಅರ್ಧ ಮುಖ ಊರಿನವರು ಕಂಡಂತೆ, ಇನ್ನರ್ಧ ತನಗೆ ತಾನು ಕಂಡಂತೆ. ಕೆಳಗೆ ಮೂರು ಸಾಲು ಬರವಣಿಗೆ. ಮಾರ್ಕ್ಸ್ ಮಾತ್ರ ಹಾಕಕೂಡದು.

ಇದು ಪೇಟೆಯವರ ಷೋಕಿ ಅಂದುಕೊಳ್ಳಬೇಕಿಲ್ಲ. ‘ನಾನು ಯಾರು’ ಎಂಬ ಲೆಕ್ಕ ಬಗೆಹರಿಸಿಕೊಳ್ಳುವುದೇ ಹದಿಹರೆಯದ ದೊಡ್ಡ ಕೆಲಸ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಎರಿಕ್ ಎರಿಕ್ಸನ್. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈತನಿಗೆ ಹೆತ್ತ ತಂದೆ ಯಾರೆಂದು ಕೊನೆತನಕ ಗೊತ್ತಾಗಲಿಲ್ಲ. ಡಿಗ್ರಿ ಮಾಡಲಿಲ್ಲ, ಚಿತ್ರ ಬರೆಯುತ್ತ ಊರೂರು ಅಲೆದರು. 1927ರಲ್ಲಿ ವಿಯೆನ್ನಾ ನಗರಕ್ಕೆ ಬಂದದ್ದು ಮಕ್ಕಳ ಭಾವಚಿತ್ರ ಬರೆಯಲು, ಒಂದು ಪುಟ್ಟ ಶಾಲೆಯಲ್ಲಿ ಪಾಠ ಹೇಳಲು. ಅಲ್ಲೇ ಫ್ರಾಯ್ಡ್ ಮಗಳು ಆನಾ ಅವರ ಬಳಿ ಮನಶ್ಶಾಸ್ತ್ರ ಕಲಿತರು. ಅಮೆರಿಕಕ್ಕೆ ಹೋಗಿ ಎರಿಕ್ಸನ್ ಎಂಬ ಹೆಸರನ್ನು ತಾವೇ ಇಟ್ಟುಕೊಂಡರು. ಡ್ರಾಯಿಂಗ್ ಮೇಷ್ಟ್ರೇ ಮನಶ್ಶಾಸ್ತ್ರಜ್ಞರಾದ ಕಥೆ ಇದು.

ಬಸ್ಸಿನಲ್ಲಿ ಓಡಾಡುವವರಿಗೆ ಇನ್ನೊಂದು ಕಥೆ. 1925ರಲ್ಲಿ ಮೆಕ್ಸಿಕೋ ನಗರದಲ್ಲಿ ಬಸ್ಸಿಗೆ ಟ್ರಾಮ್ ಗುದ್ದಿ, ಒಳಗಿದ್ದ 18 ವರ್ಷದ ಹುಡುಗಿಯ ಬೆನ್ನುಮೂಳೆ ಮುರಿಯಿತು. ಹಾಸಿಗೆ ಹಿಡಿದವಳಿಗೆ ಮನೆಯವರು ಮಲಗಿದಲ್ಲೇ ಬರೆಯುವ ಸ್ಟ್ಯಾಂಡ್ ಮಾಡಿಸಿ, ಮೇಲೆ ಕನ್ನಡಿ ಕಟ್ಟಿಸಿದರು. ಅವಳು ತನ್ನನ್ನೇ ಬರೆಯತೊಡಗಿದಳು. ಅವಳೇ ಫ್ರೀಡಾ ಕಾಹ್ಲೋ.

‘ಚಿತ್ರ ಬರುದ್ರೆ ಹೊಟ್ಟೆ ತುಂಬ್ತುದಾ?’ ಎಂದು ಗಲ್ಲಾಪೆಟ್ಟಿಗೆ ಮುಂದೆ ಕೂತವರು ಕೇಳುವುದು ನ್ಯಾಯವೇ. ತುಂಬುವುದಿಲ್ಲ. ಆದರೆ ಮಗ ಅಂಗಡಿಗೆ ಆಗುವವನೋ, ಮೆಕ್ಯಾನಿಕ್ ಆಗುವವನೋ ಎಂದು ಅವನಿಗೇ ತಿಳಿಯದೆ ಸಾಲ ಮಾಡಿ ಯಾವುದೋ ಕೋರ್ಸಿಗೆ ಸೇರಿಸುವುದರಿಂದ ಯಾರ ಹೊಟ್ಟೆ ತುಂಬುತ್ತದೆ?

ಒಂದು ಎಚ್ಚರಿಕೆ ಮಾತ್ರ ಬೇಕು. ಚಿತ್ರ ನೋಡಿ ಜಾತಕ ಹೇಳುವ ಚಟ ಮೇಷ್ಟ್ರಿಗೆ ಹತ್ತಬಾರದು. 1926ರಲ್ಲಿ ಫ್ಲಾರೆನ್ಸ್ ಗುಡೆನಫ್ ಎಂಬಾಕೆ ಮಕ್ಕಳು ಬರೆದ ಮನುಷ್ಯನ ಚಿತ್ರದಿಂದ ಬುದ್ಧಿ ಅಳೆಯಲು ಹೊರಟರು. ಆಮೇಲಿನವರು ಚಿತ್ರದಲ್ಲಿ ಸ್ವಭಾವವನ್ನೇ ಓದಿದರು. ಕೈ ಬರೆಯದಿದ್ದರೆ ಹೀಗೆ, ಕಣ್ಣು ದೊಡ್ಡದಾದರೆ ಹಾಗೆ ಎಂಬ ಇಂಥ ವ್ಯಾಖ್ಯಾನಗಳು ಮುಂದಿನ ಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಚಿತ್ರದ ಅರ್ಥ ಬರೆದ ಮಗುವೇ ಹೇಳಬೇಕು. ಹೇಳಲು ಇಷ್ಟವಿಲ್ಲದಿದ್ದರೆ ಹಾಳೆ ಮಡಚಿ ಜೇಬಿಗೆ ಇಟ್ಟುಕೊಳ್ಳಲಿ. ಗೋಡೆಗೆ ಅಂಟಿಸುವುದಂತೂ ಬೇಡವೇ ಬೇಡ.

ನಿಜವಾಗಿಯೂ ಭಾರ ಹೊತ್ತ ಮಗು ಕಂಡರೆ ಅದು ಡಾಕ್ಟರ ಕೆಲಸ. 2014ರಲ್ಲಿ ಕೇಂದ್ರ ಸರ್ಕಾರ ತಂದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರದ್ದು, ಅದರಲ್ಲಿ ಮನಸ್ಸಿನ ಆರೋಗ್ಯವೂ ಸೇರಿದೆ. ರಾಜ್ಯದಲ್ಲಿ ಅದರ ‘ಸ್ನೇಹ ಕ್ಲಿನಿಕ್’ಗಳಿವೆ. 2022ರಿಂದ 14416 ನಂಬರಿಗೆ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬಸ್ ಸ್ಟಾಪಿನ ಗೋಡೆಯಲ್ಲಿ ಟ್ಯೂಷನ್ ಜಾಹೀರಾತಿನ ಪಕ್ಕ ಈ ಐದು ಅಂಕಿ ಬರೆಸಲು ಎಷ್ಟು ಸುಣ್ಣ ಬೇಕು?

ಡ್ರಾಯಿಂಗ್ ಮೇಷ್ಟ್ರೇ ಇಲ್ಲದ ಸರ್ಕಾರಿ ಹೈಸ್ಕೂಲುಗಳು ರಾಜ್ಯದಲ್ಲಿ ಎಷ್ಟೋ ಇವೆ. ಇರುವಲ್ಲಿ ಆ ಪೀರಿಯಡ್ಡು ಪರೀಕ್ಷೆ ಹತ್ತಿರ ಬಂದಂತೆ ಗಣಿತಕ್ಕೆ ಸಾಲ ಹೋಗುತ್ತದೆ, ವಾಪಸು ಬರುವುದಿಲ್ಲ. ಹುದ್ದೆ ತುಂಬುವುದು ಸರ್ಕಾರದ ಪಾಲು. ಸಾಲ ನಿಲ್ಲಿಸುವುದು ಹೆಡ್‌ಮಾಸ್ಟರ ಕೈಲಿದೆ. ಇನ್ನು ಕನ್ನಡಿ, ಅದನ್ನು ಊರಿನ ಅಂಗಡಿಯವರೇ ಕೊಡಿಸಬಹುದು. ಒಂದು ಕ್ಲಾಸಿಗೆ ನಲವತ್ತು ಅಂಗೈಯಗಲದ ಕನ್ನಡಿ ಸಾಕು, ವರ್ಷಗಟ್ಟಲೆ ಬರುತ್ತವೆ. ಒಡೆದರೆ ಒಡೆದವನೇ ತಂದುಕೊಡುತ್ತಾನೆ.