ನಕಾಶೆಯಲ್ಲಿಲ್ಲದ ಗೆರೆ



ಸರ್ಕಾರದ ನಕಾಶೆ ನೋಡೀರೇನು? ಸರ್ವೆ ಆಫ್ ಇಂಡಿಯಾದ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್ ನೆಲ. ಗುಡ್ಡದ ಏರಿಳಿತಕ್ಕೆ ಕಂದು ಗೆರೆ, ಹೊಲಕ್ಕೆ ಹಳದಿ, ಮನೆಗಳಿಗೆ ಕೆಂಪು, ನೀರಿಗೆ ನೀಲಿ, ಬತ್ತಿದ ಹಳ್ಳಕ್ಕೆ ಕಪ್ಪು. ಗೋಕಾಕದ ಗುಡ್ಡ, ಘಟಪ್ರಭೆ, ಮಾರ್ಕಂಡೇಯ, 1897ರ ಧೂಪದಾಳ ಒಡ್ಡು, ಎಲ್ಲಾ ಐತಿ. ಆದರೆ ಹಳ್ಳದ ಮೇಲುಗಡೆ ಯಾರು ಕೊಡ ಮುಳುಗಿಸಬೇಕು, ಅವರ ಎಮ್ಮೆ ಮೈತೊಳೆದ ಮೇಲೆ ಕೆಳಗಡೆ ಯಾರು ಕುಡಿಯಬೇಕು ಎಂಬ ಗೆರೆ ಯಾವ ಬಣ್ಣದಾಗೂ ಇಲ್ಲ. ಅದು ನಮಗಷ್ಟೇ ಕಾಣ್ತದ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಗಿಳಿದು ಬೊಗಸೆ ನೀರೆತ್ತಿದಾಗ ಅಳಿಸಹೊರಟದ್ದು ಈ ಗೆರೆಯನ್ನೇ. (ನಾವು ಕವಿತೆ ಬರೆಯುವವರು ಹಳ್ಳವನ್ನು 'ಜುಳುಜುಳು' ಎಂದು ಹಾಡಿದ್ದೂ ಉಂಟು. ನಾಚಿಕೆ!)

ನಮ್ಮ ಕೌಜಲಗಿ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಹಳ್ಳಿಗಳಲ್ಲಿ ಗಡಿ ತಂಟೆ ಬಂದರೆ ಸೀಮೆ ತೋರಿಸುವವರು ನಮ್ಮ ಮುತ್ಯಾಗಳು. ಗಡಿಯ ವಿಷಯಕ್ಕೆ ನಮ್ಮ ನಾಲಿಗೆ ನಂಬಿದರು, ಬಾವಿಯ ಹತ್ತಿರ ನಮ್ಮ ನೆರಳನ್ನೂ ನಂಬಲಿಲ್ಲ!

ಇನ್ನು ಗಾಯರಾಣ. ನೂರು ದನಕ್ಕೆ 12 ಹೆಕ್ಟೇರ್ ಮೇವಿನ ನೆಲ ಬಿಡಬೇಕೆಂದು ಕರ್ನಾಟಕ ಭೂಕಂದಾಯ ನಿಯಮವೇ ಹೇಳ್ತದ. ಹೊಲವಿಲ್ಲದ ನಮಗೆ ಎರಡು ಆಡು, ಒಂದು ಎಮ್ಮೆ. ಅವಕ್ಕೆ ಗುಡ್ಡದ ಬುಡವೇ ಹೊಲ. ಉಳ್ಳವರು ಅಲ್ಲಿ ಟ್ರ್ಯಾಕ್ಟರ್ ಹೊಡೆದು ಕಬ್ಬು ಹಚ್ಚಿದರೆ ಸುಧಾರಣೆಯಂತೆ. ನಾವು ಗುಡಿಸಲು ಹಾಕಿದರೆ ಅತಿಕ್ರಮಣವಂತೆ!

2020ರಲ್ಲಿ 'ಸ್ವಾಮಿತ್ವ' ಯೋಜನೆ ಬಂತು. ಡ್ರೋನು ಹಾರಿಸಿ ಮನೆ ಅಳೆದು ಕಾಗದ ಕೊಡ್ತಾರ. ಅಳೆಯುವುದು ಊರ ಗಾಂವಠಾಣ. ಗಾಯರಾಣದ ಗುಡಿಸಲಿಗೆ ಯಾವ ಕಾಗದ? ತಗ್ಗು ಯಾವುದು, ದಿಬ್ಬ ಯಾವುದು ಎಂದು ತಿಳಿಯಲು ನಮಗಂತೂ ಡ್ರೋನು ಬೇಡ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ನೀರೇ ತೋರಿಸಿತು.

ನಕಾಶೆ ಸುಡ್ರಿ ಅನ್ನೋದಿಲ್ಲ ನಾವು. ಓದೋದು ಕಲೀರಿ. ಸರ್ವೆ ಕಚೇರಿಗೆ ಅರ್ಜಿ ಕೊಟ್ಟು ನಿಮ್ಮೂರ ಗ್ರಾಮ ನಕಾಶೆಯ ನಕಲು ತೆಗೆಸ್ರಿ. ಕೇರಿಯ ಮುದುಕ ಮುದುಕಿಯರನ್ನು ಕರಕೊಂಡು ಹಳ್ಳದ ಗುಂಟ ನಡೀರಿ. ಅವರು ತೋರಿಸಿದ ಒರತೆ, ದನದ ಹಾದಿ, ಕಿತ್ತೊಗೆದ ಗಡಿಕಲ್ಲು ಎಲ್ಲವನ್ನೂ ಸೀಸಕಡ್ಡಿಯಿಂದ ಗುರುತು ಮಾಡ್ರಿ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಹರವಿ ಠರಾವು ಬರೆಸ್ರಿ. ಬರೆಯದಿದ್ದರೆ ಎದ್ದು ಬರಬ್ಯಾಡ್ರಿ. ಮೊದಲು ಸುಡುಗಾಡಿನಿಂದ ಸುರು ಮಾಡೋಣ. ಎಷ್ಟೋ ಊರಲ್ಲಿ ನಮ್ಮ ಹೆಣಕ್ಕೆ ಹಳ್ಳದ ದಂಡೆಯೇ ಗತಿ. ಮಳೆಗಾಲದಾಗ ಅದೂ ಇರೂದಿಲ್ಲ.